ಡಾಕ್ಟರು ಕಾರು ಬಿಟ್ಟದ್ದು

ಡಾಕ್ಟರ ಎರಡೂ ಹೆಬ್ಬೆರಳುಗಳು ಟಿಂಕ್ಚರ್ ಅಯೋಡಿನ್ ಹತ್ತಿ ಹತ್ತಿ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆ ಹೆಬ್ಬೆರಳುಗಳನ್ನು ಸ್ಟೀರಿಂಗ್ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಕತ್ತನ್ನು ಮುಂದಕ್ಕೆ ಚಾಚಿಕೊಂಡು ಅವರು ಕಾರು ಓಡಿಸುತ್ತಿದ್ದರು. ತಿರುವು ಬಂದಾಗಲೆಲ್ಲ ರಬ್ಬರ್ ಹಾರ್ನನ್ನು ಎರಡು ಸಲ ಒತ್ತುವುದು ಪದ್ಧತಿ. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಅಷ್ಟೆ. ಪಕ್ಕದಲ್ಲಿ ಔಷಧಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು. ಚಾಮರಾಜಪುರದ ಅವರ ಷಾಪಿನಲ್ಲಿ ಹದಿನೇಳು ವರ್ಷ ಕಾಂಪೌಂಡರ್ ಆಗಿದ್ದೆ.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿದ್ದಾಗಲೂ ಯಾರಾದರೂ ಬಾಗಿಲಲ್ಲಿ ನಿಂತು ಕೈಬೀಸಿದರೆ ಡಾಕ್ಟರು ಎದ್ದು ಬಂದುಬಿಡುತ್ತಿದ್ದರು. "ಔಷಧಿ ಅರ್ಧ, ಹೊತ್ತಿಗೆ ಸರಿಯಾಗಿ ಹೋಗೋದು ಅರ್ಧ ಕಣಯ್ಯ" ಎನ್ನುತ್ತಿದ್ದರು. ಕಾರು ಕೊಳ್ಳುವ ಮುಂಚೆ, ಎತ್ತಿನ ಗಾಡಿಯಲ್ಲಿ ಒಂದು ಹೆರಿಗೆಗೆ ಹೋಗಿ ತಲುಪುವಷ್ಟರಲ್ಲಿ ತಾಯಿಯೂ ಮಗುವೂ ಉಳಿದಿರಲಿಲ್ಲವಂತೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ.

ಅವರಿಗೆ ಎಪ್ಪತ್ತು ಹತ್ತಿರವಾದಾಗ ಥರ್ಮಾಮೀಟರನ್ನು ನನ್ನ ಕೈಗೆ ಕೊಟ್ಟು "ಎಷ್ಟಿದೆ ನೋಡು" ಎನ್ನತೊಡಗಿದರು. ಆಮೇಲೆ ಕಾರಿನಲ್ಲಿ, "ದಾರಿ ಸ್ವಲ್ಪ ನೋಡ್ತಿರು." ಕಣ್ಣು ಮಂಜಾಗಿದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. "ಎಡಗಡೆ ಜಟಕಾ ಸಾರ್, ಮುಂದೆ ಎಮ್ಮೆ ಸಾರ್, ಈಗ ತಿರುಗಿಸಿ ಸಾರ್" ಎಂದು ನಾನು ಹೇಳುತ್ತ ಹೋಗುವುದು, ಅವರು ಅದರಂತೆ ಓಡಿಸುವುದು. ಹೀಗೆ ಒಂದು ವರ್ಷ. ಸಂಜೆ ಮನೆಗೆ ಹೋದರೆ ಗಂಟಲು ಒಣಗಿ ಹೆಂಡತಿಯ ಜೊತೆ ಮಾತೂ ಬೇಡವಾಗುತ್ತಿತ್ತು. ಕಣ್ಣು ಮುಚ್ಚಿದರೂ ರಸ್ತೆಯೇ.

ಡಾಕ್ಟರ ಹೆಂಡತಿ, ನಾವು ಅಮ್ಮಾವ್ರು ಎನ್ನುತ್ತಿದ್ದವರು, ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು.

"ನಿಜ ಹೇಳಪ್ಪ. ಅವರು ಕಾರು ಓಡಿಸಬಹುದಾ? ನಾನು ಹೇಳಿದ್ರೆ ಸಿಡುಕ್ತಾರೆ. ನಿನ್ನ ಮಾತು ಕೇಳ್ತಾರೆ."

"ಇನ್ನೂ ಪರವಾಗಿಲ್ಲ ಅಮ್ಮಾವ್ರೇ" ಎಂದೆ. ಒಮ್ಮೆಯಲ್ಲ, ಮೂರು ಸಲ ಹಾಗೆಯೇ ಹೇಳಿದೆ. ನಾನು ಜೊತೆಗಿದ್ದೇನಲ್ಲ ಎಂಬ ಧೈರ್ಯ ಸ್ವಲ್ಪ. ಉಳಿದದ್ದು ಹೇಡಿತನ.

ಆ ವರ್ಷ ಬೇಸಗೆಯಲ್ಲಿ ವಿಷಮಶೀತ ಜ್ವರ ಜೋರಾಗಿತ್ತು. ಮೂರು ದಿನದಿಂದ ಸರಿಯಾಗಿ ಕೂತು ಊಟ ಮಾಡಿರಲಿಲ್ಲ. ಹಿನಕಲ್ ಹಳ್ಳಿಯಲ್ಲಿ ನಾಲ್ಕು ಮನೆ ನೋಡಿಕೊಂಡು ಮಟಮಟ ಮಧ್ಯಾಹ್ನ ಹಿಂತಿರುಗುತ್ತಿದ್ದೆವು. ರಸ್ತೆ ಖಾಲಿಯಿತ್ತು. ನಾನು ತೂಕಡಿಸಿದೆ.

ಎಚ್ಚರವಾದದ್ದು ಕೂಗು ಕೇಳಿ. ಹುಲ್ಲಿನ ಹೊರೆ ಹೊತ್ತು ರಸ್ತೆಯಂಚಿನಲ್ಲಿ ಹೋಗುತ್ತಿದ್ದ ಹೆಂಗಸಿಗೆ ಮಡ್‌ಗಾರ್ಡ್ ತಗುಲಿತ್ತು. ಅವಳು ಚರಂಡಿಗೆ ಬಿದ್ದಿದ್ದಳು. ಮಣಿಕಟ್ಟಿನ ಮೇಲೆ ಮೂಳೆ ಮುರಿದಿತ್ತು. ಡಾಕ್ಟರು ಮಣ್ಣಿನಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು, ಬರೀ ಬೆರಳಿನಲ್ಲೇ ಮೂಳೆ ಹುಡುಕಿ ಕೂಡಿಸಿದರು. ಬಿದಿರಿನ ದಬ್ಬೆ ಇಟ್ಟು ನಾನು ಪಟ್ಟಿ ಸುತ್ತಿದೆ. ಹಿನಕಲ್ ಕಡೆಗೆ ಹೋಗುತ್ತಿದ್ದ ಗಾಡಿಯೊಂದರಲ್ಲಿ ಅವಳನ್ನು ಕೂರಿಸಿ ಕಳಿಸಿದೆವು.

ಡಾಕ್ಟರು ಕಾರಿನೊಳಗೆ ಕೂತರು. "ಹತ್ತಯ್ಯ."

"ಹತ್ತೋದಿಲ್ಲ ಸಾರ್."

"ಏನು?"

"ನಾನು ನಿದ್ದೆ ಮಾಡ್ಬುಟ್ಟಿದ್ದೆ ಸಾರ್. ನಿಮಗೆ ಕಣ್ಣು ಕಾಣೋದಿಲ್ಲ. ಇನ್ನು ನನ್ನ ಕೈಲಾಗಲ್ಲ."

ಅವರು ಚಕ್ರದಿಂದ ಕೈ ತೆಗೆಯಲಿಲ್ಲ.

"ಮನೇವರೆಗೆ?"

"ಮನೇವರೆಗೂ ಬೇಡ ಸಾರ್."

ಕಾರನ್ನು ಅಲ್ಲಿಯೇ ಆಲದ ಮರದ ಕೆಳಗೆ ಬಿಟ್ಟು ಇಬ್ಬರೂ ಮೂರು ಮೈಲಿ ನಡೆದೆವು. ಅರ್ಧ ದಾರಿಯಲ್ಲಿ ಅವರು ನನ್ನ ಹೆಗಲು ಹಿಡಿದುಕೊಂಡು ಕೇಳಿದರು:

"ಅಮ್ಮಾವ್ರು ನಿನ್ನ ಕೇಳಿರಬೇಕಲ್ಲ. ಏನಂದೆ?"

"ಪರವಾಗಿಲ್ಲ ಅಂದೆ."

"ಹ್ಞೂ. ನಾನೂ ಅದನ್ನೇ ಹೇಳ್ಕೊಂಡೆ ನನಗೆ."

ಮರುದಿನ ಪರಿಚಯದವರೊಬ್ಬರು ಕಾರನ್ನು ತಂದು ಷೆಡ್ಡಿನಲ್ಲಿ ನಿಲ್ಲಿಸಿದರು. ಡಾಕ್ಟರು ಮತ್ತೆ ಅದನ್ನು ಮುಟ್ಟಲಿಲ್ಲ. ಸಂಬಳ ಕೊಟ್ಟು ಡ್ರೈವರನ್ನು ಇಡುವ ಶಕ್ತಿ ನಮ್ಮ ಷಾಪಿಗಿರಲಿಲ್ಲ. ಆ ಹೆಂಗಸಿನ ಪಟ್ಟಿ ಬಿಚ್ಚಿ ನೋಡಲು ಜಟಕಾದಲ್ಲಿ ಒಬ್ಬರೇ ಹಿನಕಲ್‌ಗೆ ಹೋಗಿಬರುತ್ತಿದ್ದರು, ನನ್ನನ್ನು ಕರೆಯುತ್ತಿರಲಿಲ್ಲ. ಕೆಲವು ತಿಂಗಳು ನನ್ನ ಜೊತೆ ಔಷಧಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಮಳೆಗಾಲದಲ್ಲಿ ಒಮ್ಮೆ ಗಂಟಲುಮಾರಿ ಬಂದು ಉಸಿರು ಕಟ್ಟುತ್ತಿದ್ದ ಮಗುವನ್ನು ನೋಡಲು ಹೊರಟೆವು. ಜಟಕಾ ಕೆಸರಿನಲ್ಲಿ ಹೂತುಕೊಂಡಿತು. ತಲುಪಿದಾಗ ಒಳಗೆ ಸತ್ತ ಮನೆಯ ಅಳು ಕೇಳಿಸುತ್ತಿತ್ತು. "ಕಾರಲ್ಲಿ ಬಂದಿದ್ರೆ..." ಎಂದು ಶುರುಮಾಡಿ, ನನ್ನ ಮುಖದ ಕಡೆ ತಿರುಗಿ, ಅಷ್ಟಕ್ಕೇ ನಿಲ್ಲಿಸಿದರು. ಅವರು ಪೂರ್ತಿ ಬೈದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದು ಸರಿಯೇ ಎಂದು ನನಗೇ ನೂರು ಸಲ ಹೇಳಿಕೊಂಡಿದ್ದೇನೆ. ಆ ಮಗುವಿನ ನೆನಪು ಬಂದಾಗ ಮಾತ್ರ ಹೇಳಿಕೊಳ್ಳಲಾಗುವುದಿಲ್ಲ.

ಕಾರು ಬಿಟ್ಟ ಮೂರನೆಯ ವರ್ಷ ಡಾಕ್ಟರು ತೀರಿಕೊಂಡರು. ಮಣ್ಣು ಮಾಡಿದ ದಿನ ಸ್ಮಶಾನದ ಗೇಟಿನ ಹತ್ತಿರ ಆ ಹಿನಕಲ್ ಹೆಂಗಸು ಬಂದು ನಿಂತಿದ್ದಳು. ಅಷ್ಟು ದಿನದಿಂದ ಒಳಗಿದ್ದದ್ದು ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಕರೆದು, ಅವತ್ತು ಕಾರಿನಲ್ಲಿ ದಾರಿ ನೋಡಬೇಕಾಗಿದ್ದವನು ನಾನು, ನಾನು ನಿದ್ದೆ ಹೋಗಿದ್ದೆ, ತಪ್ಪು ನನ್ನದು ಎಂದು ಹೇಳಿದೆ.

ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು.

"ಬುಡಿ ಸ್ವಾಮಿ. ಡಾಕ್ಟ್ರು ಪಟ್ಟಿ ಬಿಚ್ಚಕ್ಕೆ ಬಂದಾಗ ನಂತಾವ ಏಳವ್ರೆ. 'ಕಣ್ಣು ಕಾಣ್ದೇ ಇದ್ರೂ ಓಡಿಸ್ದೆ ಕಣವ್ವ, ತಪ್ಪು ನನ್ನೊಬ್ಬಂದೇ' ಅಂದ್ರು. ಸತ್ತೋರ ಮಾತ ಸುಳ್ ಮಾಡ್ಬ್ಯಾಡಿ."

ಅದಾದ ಮೇಲೆ ನಾನು ನಿದ್ದೆ ಹೋದ ಮಾತನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆದಿದ್ದೇನೆ.