ದೂರದ ನರಿಗೆ ಬೇರೆ ಕಾಡತೂಸು

ನಾನು ಕೊಡಗಿನವಳು. ಮೈಸೂರಿನ ನನ್ನ ಗಂಡ ಕೋವಿ ಮುಟ್ಟಿದವರೇ ಅಲ್ಲ. ಆಸ್ಟ್ರೇಲಿಯಾದ ವೆರಿಬೀಗೆ ಬಂದ ಮೇಲೆ ನಾನು ಕೋವಿಯ ಲೈಸೆನ್ಸ್ ಪಡೆದೆ. ಪರಿಚಯದ ರೈತರೊಬ್ಬರು, ಕುರಿಮರಿಗಳನ್ನು ಹೊತ್ತೊಯ್ಯುವ ನರಿಗಳನ್ನು ಹೊಡೆಯಲು ನಮ್ಮನ್ನು ಕರೆದರು.

ಕಾಡತೂಸಿನ ಅಂಗಡಿಯವನು ಇವರನ್ನೇ ನೋಡುತ್ತ, ಎಷ್ಟು ದೂರದಿಂದ ಹೊಡೆಯುತ್ತೀರಿ ಎಂದು ಕೇಳಿದ. ಇವರು ನಗುತ್ತ ನನ್ನತ್ತ ಕೈ ತೋರಿಸಿದರು.

"ಬೇಲಿ ಪಕ್ಕದ ಮೊಲಕ್ಕಾದರೆ ಪಾಯಿಂಟ್ ಟೂ ಟೂ ಎಂಬ ಸಣ್ಣ ಕಾಡತೂಸು ಸಾಕು. ಇನ್ನೂರು ಮೀಟರ್ ಆಚೆಯ ನರಿಗೆ ಅದರ ಗುಂಡು ತುಂಬಾ ಕೆಳಗಿಳಿಯುತ್ತದೆ. ನೇರವಾಗಿ, ವೇಗವಾಗಿ ಹೋಗುವ ಟೂ ಟೂ ತ್ರೀ ಕೊಡಿ," ಎಂದೆ.

ಅಂದು ಸಂಜೆ ಹುಲ್ಲುಗಾವಲಿನ ಆಚೆ ತುದಿಯಲ್ಲಿ ಕಾಣಿಸಿದ ನರಿ ಒಂದೇ ಗುಂಡಿಗೆ ಬಿತ್ತು.

"ಸೂಪರ್ ಕಣೇ! ಸೋಮವಾರ ಆಫೀಸಲ್ಲಿ ಎಲ್ರಿಗೂ ಹೇಳ್ತೀನಿ!" ಎಂದು ಇವರು ಕುಣಿದಾಡಿದರು.

ಅವರನ್ನು ಅಷ್ಟು ಖುಷಿಯಲ್ಲಿ ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.