ಹತ್ತೊಂಬತ್ತು ದಿನದ ಹಾಡು

ಮಗಳ ಉಪನ್ಯಾಸ ನೋಡಲಿಕ್ಕೆಂದು ಜಗದೇವಪ್ಪ ಮನೆಗೆ ಜನರನ್ನು ಕರೆದದ್ದೇ ಎಡವಟ್ಟಾಯಿತು. ಕರೆಯದಿದ್ದರೆ ಆ ಗುರುವಾರ ಸಂಜೆ ಗಂಡ ಹೆಂಡತಿ ಇಬ್ಬರೇ ಕೂತು ನೋಡುತ್ತಿದ್ದರು, ನೋಡಿ ಎದ್ದು ಊಟ ಮಾಡುತ್ತಿದ್ದರು. ಮೂವತ್ತಾರು ವರ್ಷ ಮುಚ್ಚಿಕೊಂಡು ಬಂದದ್ದು ಇನ್ನೂ ಅಷ್ಟು ವರ್ಷ ಮುಚ್ಚಿಕೊಂಡೇ ಇರುತ್ತಿತ್ತು. ಆದರೆ ಮಗಳ ಮೇಲಿನ ಹೆಮ್ಮೆ ತಲೆಗೇರಿದ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರು?

ಲಂಡನ್ನಿನ ಕಿಂಗ್ಸ್‌ಬರಿಯ ಕನ್ನಡಿಗರಲ್ಲಿ ಜಗದೇವಪ್ಪ ಗೊತ್ತಿಲ್ಲದವರಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಮಗಳು ಕೃತಿಗೆ ನಾಲ್ಕು ವರ್ಷವಿದ್ದಾಗ ವರ್ಕ್ ಪರ್ಮಿಟ್ ಸಿಕ್ಕಿ ಲಂಡನ್ನಿಗೆ ಬಂದ. ಬಂದವನು ನಿವೃತ್ತಿಯವರೆಗೂ ಒಂದೇ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಸ್ಸು ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ ಅದರ ರೋಗ ಹೇಳುತ್ತಿದ್ದ, ಅಂಥ ಚುರುಕು ಕಿವಿ. ಮನೆಯಲ್ಲಿ ಮಾತ್ರ ಆ ಕಿವಿಗೆ ರಜೆ. ಹೆಂಡತಿ ನೀಲವ್ವ ಒಂದು ಮಾತನ್ನು ಮೂರು ಸಲ ಹೇಳಬೇಕು, ಮೂರನೆಯ ಸಲಕ್ಕೂ "ಏನಂದಿ?" ಎನ್ನುವ ಆಸಾಮಿ. ಹಾಗೆಂದು ಕೆಟ್ಟವನಲ್ಲ. ಕುಡಿದವನಲ್ಲ, ಕೈಯೆತ್ತಿದವನಲ್ಲ. ಮಗಳಿಗೆ ಹನ್ನೊಂದು ತುಂಬುವವರೆಗೂ ಅವಳ ಶಾಲೆಯ ಚೀಲವನ್ನು ತಾನೇ ಹೊತ್ತು ನಡೆದವನು.

ಆ ಮಗಳು ಈಗ ಜರ್ಮನಿಯ ಫ್ರೈಬರ್ಗಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಶ್ವವಿದ್ಯಾಲಯದ ಊರು. ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುವ ಒಂದು ಸಭಾಗೃಹ ಅಲ್ಲಿದೆಯಂತೆ: ಇಂಗ್ಲಿಷ್ ನಾಟಕದ ಓದು, ಇಂಗ್ಲಿಷ್ ಸಿನಿಮಾ, ಗುರುವಾರಕ್ಕೊಂದು ಉಪನ್ಯಾಸ. ಬರುವವರು ನಾನಾ ದೇಶದ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟರುಗಳು, ಕಲಿತ ಇಂಗ್ಲಿಷ್ ಮರೆತುಹೋದೀತೆಂದು ಹೆದರುವ ಅಜ್ಜಿಯರು. ಜರ್ಮನರು ಜರ್ಮನಿಯಲ್ಲೇ ಕೂತು ಇಂಗ್ಲಿಷ್ ಮಾತು ಕೇಳಲು ಟಿಕೆಟ್ಟು ಕೊಳ್ಳುತ್ತಾರೆಂದು ತಿಳಿದಾಗ ಜಗದೇವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಅದೇ ವೇದಿಕೆಯ ಮೇಲೆ ಅವನ ಮಗಳು. ವಿಷಯ, ಉತ್ತರ ಕರ್ನಾಟಕದ ಹೆಂಗಸರು ಕೆಲಸ ಮಾಡುತ್ತ ಹಾಡುವ ಹಾಡು.

ಒಂದು ಹಾಡು ಬೇಕೆಂದು ಕೃತಿ ತಾಯಿಗೆ ವಿಡಿಯೊ ಕಾಲ್ ಮಾಡಿದ್ದಳು. ಸುಮ್ಮನೆ ಕೂತು ಹಾಡೆಂದರೆ ನೀಲವ್ವನಿಗೆ ಬಾರದು. ವಿಜಯಪುರದ ಅವಳ ತವರಿನಲ್ಲಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದರು. ಕೈಯಾಡಿದರೆ ಬಾಯಾಡುತ್ತಿತ್ತು. ಅತ್ತೆಗೆ, ಗಂಡನಿಗೆ ಹೇಳಲಾಗದ್ದನ್ನು ಕಲ್ಲಿಗೆ ಹೇಳುವುದು. ಹಾಡಿನಲ್ಲಿ ಬಂದ ಮಾತಿಗೆ ಮನೆಯವರು ಯಾರೂ ಜವಾಬು ಕೇಳುವ ಹಾಗಿಲ್ಲ, ಅದು ಅಲ್ಲಿನ ರೂಢಿ. ಕಿಂಗ್ಸ್‌ಬರಿಯಲ್ಲಿ ಬೀಸುವ ಕಲ್ಲಿಲ್ಲವಾದ್ದರಿಂದ ರೊಟ್ಟಿ ಬಡಿಯುವಾಗ ಹಾಡುತ್ತಾಳೆ. ಅಂದೂ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತ ಬಾಯಿಗೆ ಬಂದದ್ದನ್ನು ಹಾಡಿದಳು. ಇದು ಹಳೆಯ ಹಾಡೇ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ನೀಲವ್ವ ಹೌದೆಂದಳು. ಇದನ್ನು ಇಲ್ಲಿ ಸಭೆಗೆ ಕೇಳಿಸಲೇ ಎಂದಳು ಮಗಳು. "ಕೇಳಸವಾ, ಆ ಮಂದಿ ಯಾರೋ, ನಾವ್ಯಾರೋ," ಎಂದಳು ತಾಯಿ. ಪಕ್ಕದ ಕೋಣೆಯಲ್ಲಿದ್ದ ಜಗದೇವಪ್ಪನಿಗೆ ತಾಯಿ ಮಗಳು ಮಾತಾಡುತ್ತಿದ್ದಾರೆಂದಷ್ಟೇ ಗೊತ್ತು.

ಗುರುವಾರ ಆರು ಗಂಟೆಗೆ ಶೇಖರಪ್ಪ, ಅವನ ಹೆಂಡತಿ ಶೋಭಾ ಬಂದರು. ಬೆಳಗಾವಿಯವರು, ಎರಡು ಬೀದಿಯಾಚೆ ಮನೆ. ಬೆಂಗಳೂರಿನ ಹಿರಿಯರಾದ ಸತ್ಯನಾರಾಯಣ ಲಂಡನ್ನಿನ ಆಚೆ ತುದಿಯ ಕ್ರೋಯ್ಡನ್ನಿನಿಂದ ರೈಲು ಬದಲಿಸಿಕೊಂಡು ಬಂದರು.

"ಮಂದಿ ಕರಿಯೂ ಮುಂದ ನನಗೊಂದು ಮಾತು ಹೇಳಬಾರದೇನ್ರಿ?" ಎಂದು ನೀಲವ್ವ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು.

"ಮಗಳ ಭಾಷಣಕ್ಕ ಕರಿಯಾಕ ನಿನ್ನ ಪರ್ಮಿಷನ್ ಬೇಕೇನು?" ಎಂದು ಜಗದೇವಪ್ಪ ಚುರುಮುರಿಯ ತಟ್ಟೆ ಎತ್ತಿಕೊಂಡು ನಡೆದ. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅದು ಅವನಿಗೆ ನೆನಪಾದದ್ದು ಆಮೇಲೆ.

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಮಗಳು ಕಳಿಸಿದ ವಿಡಿಯೊ ಲಿಂಕ್ ತೆರೆದು ಎಲ್ಲರೂ ಕೂತರು; ನೀಲವ್ವ ಬಾಗಿಲ ಬಳಿಯೇ ನಿಂತಳು. ಫ್ರೈಬರ್ಗಿನ ಸಭಾಗೃಹದಲ್ಲಿ ಐವತ್ತು ಅರವತ್ತು ಜನ. ಇಳಕಲ್ ಸೀರೆಯುಟ್ಟು ಕೃತಿ ಸಲೀಸಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಈ ಹಾಡುಗಳನ್ನು ಕಟ್ಟಿದವರು ಯಾರೆಂದು ಗೊತ್ತಿಲ್ಲ, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದವು ಎಂದಳು. ನನ್ನ ತಾಯಿ ಲಂಡನ್ನಿನ ತನ್ನ ಅಡುಗೆಮನೆಯಲ್ಲಿ ಹಾಡಿದ್ದನ್ನು ಈಗ ಕೇಳಿ ಎಂದಳು. ಜಗದೇವಪ್ಪ ಅತ್ತಿತ್ತ ನೋಡಿ ಮೀಸೆಯಲ್ಲೇ ನಕ್ಕ.

ಮೊದಲು ಹಾಡಿನ ಮೊದಲ ನುಡಿಯ ಇಂಗ್ಲಿಷ್ ಅನುವಾದ ಪರದೆಯ ಮೇಲೆ ಬಂತು. ಜಗದೇವಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ. ಹೆಣ್ಣು ಹುಟ್ಟಿತೆಂದು ಕೇಳಿ ಗಂಡನಾದವನು ಹೊಸ್ತಿಲಿಗೂ ಬರಲಿಲ್ಲವಂತೆ. ಮಣ್ಣು ಮಾಡುವ ದಿನ ಬಂದನಂತೆ. ಬಂದವನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲವಂತೆ.

"ಎಂಥಾ ಗಂಡಸ್ರು ಇದ್ರು ನೋಡ್ರಿ ಆಗ," ಎಂದು ಜಗದೇವಪ್ಪ ಸತ್ಯನಾರಾಯಣರ ಕಡೆ ತಿರುಗಿದ. "ಕಲ್ಲೆದಿ ಮಂದಿ."

"ಓದೋಕೇ ಕಷ್ಟ ಆಗುತ್ತೆ," ಎಂದರು ಅವರು.

ಆಗ ಹಾಡು ಶುರುವಾಯಿತು. ರೊಟ್ಟಿಯ ಮೇಲೆ ಬೀಳುವ ಕೈಯ ತಟತಟ ಸದ್ದು, ಅದರ ಮೇಲೆ ನೀಲವ್ವನ ದನಿ.

ಹೆಣ್ಣಂತ ಕೇಳ್ಯಾನ, ಹೊಸ್ತಿಲಕ ಬರಲಿಲ್ಲ
ಮಣ್ಣಿಗೆ ಕೊಡುವಾಗ ಬಂದಾನ ನನ ರಾಯ
ಕಣ್ಣಾಗ ನೀರು ತರಲಿಲ್ಲ

ಹುಬ್ಬಳ್ಳಿ ರೈಲವ್ವ ತಪ್ಪದಲೆ ಬಂದೀತ
ಹಬ್ಬದಂಥ ತೊಟ್ಟಿಲಕ ಯಾರಿಲ್ಲ, ನನ ಕಂದ
ಹತ್ತೊಂಬತ್ತು ದಿನಕ ನಡದೆಲ್ಲ

ಜಗದೇವಪ್ಪನ ಬಾಯಲ್ಲಿದ್ದ ಚುರುಮುರಿ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತು. ಈಗಷ್ಟೇ ಮೂವರ ಮುಂದೆ ತಾನು ಕಲ್ಲೆದೆಯವನೆಂದದ್ದು ಯಾರನ್ನು? ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲ ಬಳಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಟಿವಿಯ ಮೇಲಿರಲಿಲ್ಲ, ಅವನ ಮೇಲಿತ್ತು.

ಚೊಚ್ಚಲ ಬಾಣಂತನಕ್ಕೆ ಅವಳು ತವರಿಗೆ ಹೋಗಿದ್ದಳು. ಹೆಣ್ಣು ಹುಟ್ಟಿದೆಯೆಂದು ಸುದ್ದಿ ಬಂದಾಗ ಅವನಿಗೆ ಇಪ್ಪತ್ತೇಳು ವರ್ಷ. ಹೊರಡಲು ಚೀಲ ಕಟ್ಟಿದ್ದ, ಸುಳ್ಳಲ್ಲ. "ಹೆಣ್ಣ ಹೌದಲ್ಲೋ? ಏನವಸರ? ಮುಂದಿನ ತಿಂಗಳ ನೋಡಿದ್ರಾತು," ಎಂದಳು ಅವನ ಅವ್ವ. ಅವನು ಚೀಲ ಬಿಚ್ಚಿದ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನವೂ ಹೋಗಲಿಲ್ಲ. ಆಮೇಲೆ ಕೂಸಿಗೆ ಜ್ವರವೆಂದು ತಂತಿ ಬಂತು. ಹೋಗಿ ತಲುಪುವಷ್ಟರಲ್ಲಿ ಗುಂಡಿ ತೋಡಿಯಾಗಿತ್ತು. ಅವತ್ತೇ ಸಂಜೆಯ ರೈಲಿಗೆ ತಿರುಗಿ ಬಂದ. ಆ ಕೂಸಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎತ್ತದಿದ್ದ ಮೇಲೆ ಮರೆತಿದ್ದಾಳೆಂದು ಅವನು ತಿಳಿದಿದ್ದ. ಒಂಬತ್ತು ವರ್ಷದ ಮೇಲೆ ಕೃತಿ ಹುಟ್ಟಿದಳು. ತನಗೊಬ್ಬ ಅಕ್ಕನಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಡು ಮುಗಿಯಿತು. ಸಭಾಗೃಹದಲ್ಲಿ ಚಪ್ಪಾಳೆ. ಇಲ್ಲಿ ಕೋಣೆಯಲ್ಲಿ ಯಾರೂ ಕೈ ತಟ್ಟಲಿಲ್ಲ. ಜಗದೇವಪ್ಪ ಹುಬ್ಬಳ್ಳಿ ವರ್ಕ್‌ಶಾಪಿನವನೆಂದು ಎಲ್ಲರಿಗೂ ಗೊತ್ತು. ಶೋಭಾ ಒಮ್ಮೆ ನೀಲವ್ವನನ್ನು ನೋಡಿ ಕಣ್ಣು ಕೆಳಗಿಳಿಸಿದಳು.

ಮುಂದಿನ ಸಾಲಿನ ಒಬ್ಬ ಅಜ್ಜಿ ಕೈಯೆತ್ತಿ, ಈ ಮಗು ನಿಜವಾಗಿ ಇತ್ತೇ ಎಂದು ಕೇಳಿದಳು. ಗೊತ್ತಿಲ್ಲ, ನನ್ನ ತಾಯಿ ತಂದೆ ನೋಡುತ್ತಿದ್ದಾರೆ, ಅವರನ್ನೇ ಕೇಳೋಣ ಎಂದು ಕೃತಿ ನಕ್ಕು ಅವರ ಮೈಕ್ ತೆರೆಯಿಸಿದಳು. ಪರದೆಯ ಮೂಲೆಯಲ್ಲಿ ಕಿಂಗ್ಸ್‌ಬರಿಯ ಕೋಣೆ ಮೂಡಿತು.

ನೀಲವ್ವನ ತುಟಿ ಅಲುಗಿತು. ಅಷ್ಟರಲ್ಲಿ ಜಗದೇವಪ್ಪ ಲ್ಯಾಪ್‌ಟಾಪಿನತ್ತ ಬಾಗಿ, ಇದು ಇನ್ನೂರು ವರ್ಷದ ಹಾಡು ಮೇಡಂ, ಯಾರ ಮಗುವೂ ಅಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಅಜ್ಜಿ ಸಮಾಧಾನದಿಂದ ತಲೆಯಾಡಿಸಿದಳು. ಇನ್ನಾರೋ ರಾಗದ ಬಗ್ಗೆ ಏನೋ ಕೇಳಿದರು.

ನೀಲವ್ವ ಅಡುಗೆಮನೆಗೆ ಹೋದಳು. ಅವನು ಹಿಂದೆಯೇ ಹೋದ. ನಾಚಿಕೆಗೆ ಸಿಟ್ಟಿನ ವೇಷ ಹಾಕಿಕೊಂಡ.

"ಮನಸಿನ್ಯಾಗ ಇಷ್ಟ ಇಟಗೊಂಡಿದ್ರ ನನಗ ಹೇಳಬೇಕಿತ್ತು. ಊರ ಮಂದಿ ಮುಂದ ಹಾಡಿ ತೋರ್ಸೂದೇನು?"

ನೀಲವ್ವ ಚಹಾದ ಪಾತ್ರೆ ಒಲೆಯ ಮೇಲಿಟ್ಟಳು.

"ಹೇಳೀನಲ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೂವತ್ತಾರು ವರ್ಷ ಇದನ್ನ ಹೇಳೀನಿ. ನೀವು ನನ್ನ ಮುಂದ ಕುಂತು ಬಿಸಿ ರೊಟ್ಟಿ ಉಣ್ಣಾಕತ್ತಿದ್ರಿ."

ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. ರಾಗ ಅವನಿಗೆ ಬಾಯಿಪಾಠ; ಗ್ಯಾರೇಜಿನಲ್ಲಿ ಬಸ್ಸಿನಡಿ ಮಲಗಿ ತಾನೂ ಅದನ್ನು ಗುನುಗಿದ್ದುಂಟು. ಮಾತು ಏನೆಂದು ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಹಾಡಿನಲ್ಲಿ ಬಂದದ್ದಕ್ಕೆ ಜವಾಬು ಕೇಳುವ ಹಾಗಿಲ್ಲವೆಂದು ಅವಳು ತನ್ನ ರೂಢಿ ನಡೆಸಿದ್ದಳು. ಅವನು ಕೇಳಿಸಿಕೊಂಡಿದ್ದರೆ ತಾನೆ ಜವಾಬಿನ ಪ್ರಶ್ನೆ?

ಅವನು ತಿರುಗಿ ಬಂದ. ಕೃತಿ ಧನ್ಯವಾದ ಹೇಳುತ್ತಿದ್ದಳು. ಅತಿಥಿಗಳನ್ನು ದಾಟಿ ಹೋಗಿ ಲ್ಯಾಪ್‌ಟಾಪಿನ ಮುಂದೆ ನಿಂತ.

"ಕೃತಿ, ನಾ ಸುಳ್ಳ ಹೇಳಿದೆ. ಅದು ಹಳೇ ಹಾಡಲ್ಲ. ಆ ಕೂಸು ನಿಮ್ಮಕ್ಕ. ನೋಡಾಕ ಬರದಿದ್ದಾವ ನಾನ."

ಸಭಾಗೃಹದಲ್ಲಿದ್ದವರಿಗೆ ಒಂದಕ್ಷರ ತಿಳಿಯಲಿಲ್ಲ. ಈಗ ಇಂಗ್ಲಿಷಿನಲ್ಲಿ ಹೇಳುತ್ತಾಳೆಂದು ಎಲ್ಲರೂ ಕೃತಿಯ ಮುಖ ನೋಡಿದರು. ಅವಳು ಹೇಳಲಿಲ್ಲ. ಕೈಯಲ್ಲಿದ್ದ ಕಾಗದಗಳು ಜಾರಿ ವೇದಿಕೆಯ ಮೇಲೆ ಬಿದ್ದವು, ಬಗ್ಗಿ ಎತ್ತಿಕೊಳ್ಳಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿ ಬೆಳೆದ ಹುಡುಗಿ, ತಡವರಿಸುತ್ತ ಕನ್ನಡದಲ್ಲೇ ಕೇಳಿದಳು.

"ಅಕ್ಕನ ಹೆಸರು ಏನಪ್ಪಾ?"

ಜಗದೇವಪ್ಪ ಬಾಯಿ ತೆರೆದ. ಆ ದಿನ ತೊಟ್ಟಿಲ ಸುತ್ತ ನಿಂತ ಹೆಂಗಸರು ಕೂಸಿನ ಕಿವಿಯಲ್ಲಿ ಯಾವ ಹೆಸರು ಕೂಗಿದರೋ, ಅದನ್ನು ಅವನು ಈವರೆಗೆ ಯಾರನ್ನೂ ಕೇಳಿರಲಿಲ್ಲ. ಅತಿಥಿಗಳ ಮುಂದೆ, ಸಭಾಗೃಹದ ಐವತ್ತು ಅರವತ್ತು ಮಂದಿಯ ಮುಂದೆ, ಹೆಂಡತಿಯ ಕಡೆ ತಿರುಗಿದ.

"ಏನಂತ ಇಟ್ಟಿದ್ದಿ?"

ನೀಲವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ನಿಮ್ಮವ್ವನ ಹೆಸರ," ಎಂದಳು. "ಕೇಳಿದ ಮ್ಯಾಲಾದ್ರೂ ಬರ್ತೀರಿ ಅಂತ, ನಿಮ್ಮವ್ವನ ಹೆಸರ ಇಟ್ಟಿದ್ದೆ."