ಹೊಳೆದಂಡೆಯ ಶಾಲೆಗೆ ಬೀಗ

ನಾನು ಹಿರೇವಡ್ಡಟ್ಟಿಯಲ್ಲಿ ಮಾಸ್ತರನಾಗಿದ್ದಾಗ ನಮ್ಮ ಭಾಗದ ಶಾಲೆಗಳಿಗೆಲ್ಲ ಒಬ್ಬರೇ ಇನ್ಸ್‌ಪೆಕ್ಟರರು. ಸೈಕಲ್ಲಿನಿಂದ ಇಳಿದು ಕೋಟಿನ ಧೂಳು ಝಾಡಿಸಿ, ಹಾಕಿಟ್ಟ ಕುರ್ಚಿ ಬಿಟ್ಟು, ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಯಾರು ಏನು ಕೇಳಿದರೂ ಕನ್ನಡಕ ಒರೆಸುತ್ತ, "ಇದೊಂದು ವರ್ಷ ತಡೀರಿ" ಎನ್ನುತ್ತಿದ್ದರು. ಕನ್ನಡನಾಡು ಒಂದಾದರೆ ಊರಿಗೊಬ್ಬ ಮಾಸ್ತರ ಬರುತ್ತಾನೆಂದು ಅವರು ನಿಜವಾಗಿಯೂ ನಂಬಿದ್ದರು.

ನಾಡು ಒಂದಾಯಿತು. ಮಾಸ್ತರರು ಬರಲಿಲ್ಲ. ಹಮ್ಮಿಗಿಯಾಚೆ ಹೊಳೆದಂಡೆಯ ಸಣ್ಣ ಹಳ್ಳಿಯೊಂದರಲ್ಲಿದ್ದ ಒಬ್ಬನೇ ಮಾಸ್ತರನನ್ನು ದೊಡ್ಡ ಊರಿಗೆ ಕಳಿಸಿ ಶಾಲೆ ಮುಚ್ಚಬೇಕೆಂದು ಮೇಲಿನಿಂದ ಹುಕುಂ ಬಂತು. ಅವರು ಬೀಗ ಹಾಕಲು ಹೋದಾಗ ನಾನೂ ಜೊತೆಗಿದ್ದೆ. ಒಬ್ಬ ತಾಯಿ ಮಗಳ ಕೈ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಸಾಹೇಬ್ರ, ಇಕಿ ಈಗರೆ ಓದಾಕ ಹತ್ತ್ಯಾಳ್ರಿ. ಒಂದೀಟು ಕೇಳಿ ಹೋಗ್ರಿ."

ಹುಡುಗಿ ಅಕ್ಷರಗಳ ಮೇಲೆ ಬೆರಳಿಟ್ಟು, ತಡವರಿಸುತ್ತ ಒಂದು ಪಾಠ ಓದಿದಳು. ಅವರು ಕೊನೆಯವರೆಗೂ ಕೇಳಿದರು.

"ಶಾಣ್ಯಾಕಿ ಅದಾಳವ್ವಾ. ಇದೊಂದು ವರ್ಷ ತಡಿ" ಎಂದು ತಾಯಿಗೆ ಹೇಳಿ ಬೀಗ ಹಾಕಿದರು.

ಮರುವರ್ಷ ನಾವು ಅದೇ ದಾರಿಯಲ್ಲಿ ಹೋಗುವಾಗ ಆ ಹುಡುಗಿ ಜೋಳದ ಹೊಲದಲ್ಲಿ ಕಸ ಕೀಳುತ್ತಿದ್ದಳು. ಅವರು ಇಳಿದು, ಚೀಲದಿಂದ ಪುಸ್ತಕ ತೆಗೆದು ಅವಳ ಮುಂದೆ ಹಿಡಿದರು.

ಅವಳು ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಎಲ್ಲಾ ಮರತ ಹೋಗೇತ್ರಿ" ಎಂದಳು.

ಅವರು ಮತ್ತೆ ಸೈಕಲ್ ಹತ್ತಲಿಲ್ಲ. ಮುಂದಿನ ಶಾಲೆಯವರೆಗೂ ಅದನ್ನು ತಳ್ಳಿಕೊಂಡೇ ನಡೆದರು.